ಈ ಕೈ ಇದಕ್ಕೆ ಮುಂಚೆ ಏನು ಮುಟ್ಟಿತ್ತು? ಆಸ್ಪತ್ರೆ ಸೋಂಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಕೆಲಸ ನೋಡಿಕೊಳ್ಳುವ ನರ್ಸ್. ಬೆಳಗ್ಗೆ ರೌಂಡ್ಸಿಗೆ ಹೋದರೆ ಮಂಚದ ಪಕ್ಕ ಕೂತವರು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ಕೋಲಾರ, ತುಮಕೂರು, ಕನಕಪುರದ ಕಡೆಯಿಂದ ಬಂದವರು, ರಾತ್ರಿಯೆಲ್ಲ ಬೆಂಚಿನ ಮೇಲೆ ಮಲಗಿ ಎದ್ದವರು. ಮಧ್ಯಾಹ್ನ ನರ್ಸಿಂಗ್ ಓದುವ ಮಕ್ಕಳು ಕೇಳುತ್ತಾರೆ. ಇಬ್ಬರ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ವಾಸಿಯಾಗಲಿ ಅಂತ ಆಸ್ಪತ್ರೆಗೆ ಬರುತ್ತೇವೆ. ಇಲ್ಲೇ ಸೋಂಕು ತಗಲುವುದು ಹೇಗೆ?

ನಮ್ಮ ಮೈಗೆ ಚರ್ಮವೇ ಬೇಲಿ. ಆಸ್ಪತ್ರೆಯಲ್ಲಿ ಆ ಬೇಲಿಯನ್ನು ನಾವೇ ಅಲ್ಲಲ್ಲಿ ತೆಗೆಯಬೇಕಾಗುತ್ತದೆ. ಕೈಗೆ ಡ್ರಿಪ್ಸ್ ಸೂಜಿ, ಕತ್ತಿನ ದೊಡ್ಡ ರಕ್ತನಾಳಕ್ಕೆ ಔಷಧ ಹೋಗುವ ಲೈನ್, ಮೂತ್ರಕ್ಕೆ ಪೈಪ್, ಉಸಿರಿಗೆ ವೆಂಟಿಲೇಟರ್ ಟ್ಯೂಬ್, ಹೊಟ್ಟೆಯ ಮೇಲೆ ಆಪರೇಷನ್ ಗಾಯ. ಒಂದೊಂದೂ ಜೀವ ಉಳಿಸಲು ಮಾಡಿದ್ದೇ. ಆದರೆ ಒಂದೊಂದೂ ರೋಗಾಣುವಿಗೆ ಬಾಗಿಲು. ಆಸ್ಪತ್ರೆಯಲ್ಲಿ ಶುರುವಾಗುವ ದೊಡ್ಡ ದೊಡ್ಡ ಸೋಂಕುಗಳು ಹೆಚ್ಚಾಗಿ ಈ ದಾರಿಗಳಲ್ಲೇ ಬರುತ್ತವೆ.

ರೋಗಾಣುವಿಗೆ ಕಾಲಿಲ್ಲ. ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಅದನ್ನು ಹೊತ್ತುಕೊಂಡು ಹೋಗುವುದು ಹೆಚ್ಚಾಗಿ ಕೈ. ಡಾಕ್ಟರ ಕೈ, ನನ್ನ ಕೈ, ಆಯಮ್ಮನ ಕೈ, ನಿಮ್ಮ ಕೈ. ಅದಕ್ಕೇ ನಾನು ಮಕ್ಕಳಿಗೆ ಮೊದಲ ದಿನವೇ ಒಂದು ಪ್ರಶ್ನೆ ಕಲಿಸುತ್ತೇನೆ: ಈ ಕೈ ಇದಕ್ಕೆ ಮುಂಚೆ ಏನು ಮುಟ್ಟಿತ್ತು? ರೋಗಿಯನ್ನು ಮುಟ್ಟುವ ಮುಂಚೆ ಪ್ರತಿ ಸಲ ಮನಸ್ಸಿನಲ್ಲಿ ಇದನ್ನು ಕೇಳಿಕೊಂಡರೆ ಅರ್ಧ ಕೆಲಸ ಆದಂತೆ.

ಡಾಕ್ಟರಿಗೆ "ಕೈ ತೊಳೆದಿರಾ" ಅಂತ ಕೇಳಬಹುದಾ? ಬೇಜಾರು ಮಾಡಿಕೊಳ್ಳಲ್ವಾ?

ಕೇಳಿ. ದಯವಿಟ್ಟು ಕೇಳಿ. ಮಂಚದ ಪಕ್ಕ 24 ಗಂಟೆ ಇರುವವರು ನೀವೇ. ನಾವು ನೋಡದ್ದು ನಿಮಗೆ ಕಾಣುತ್ತದೆ. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ, ಕೈಗೆ ಸ್ಯಾನಿಟೈಸರ್ ಹಾಕ್ಕೊಂಡ್ರಾ?" ಅಂದರೆ ಸಾಕು. ಬಾಯಿ ಬರದಿದ್ದರೆ ಮಂಚದ ಕಾಲ ಬಳಿ ಇರುವ ಬಾಟಲಿಯನ್ನು ಸುಮ್ನೆ ಅವರ ಕಡೆ ಸರಿಸಿ. ಒಳ್ಳೆಯ ಡಾಕ್ಟರು "ಥ್ಯಾಂಕ್ಸ್ ಅಮ್ಮ" ಅಂತ ಹಾಕಿಕೊಳ್ಳುತ್ತಾರೆ. ಅಂಥವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈ ಮಾತು ಹೇಳಿ ಕಷ್ಟಪಟ್ಟವರು ಹಿಂದೆ ಒಬ್ಬರಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್, ಹಂಗೇರಿಯವರು. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಡಾಕ್ಟರಾಗಿದ್ದರು. ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು. ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರಕ್ಕೆ ಸಾಯುವ ತಾಯಂದಿರು ಡಾಕ್ಟರುಗಳ ವಾರ್ಡಿನಲ್ಲೇ ತುಂಬಾ ಜಾಸ್ತಿ. ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದಾಗ, ಹೆಣ ಕೊಯ್ಯುವಾಗ ಚಾಕು ತಗಲಿ ಅವರ ಗೆಳೆಯರೊಬ್ಬರು ತೀರಿಕೊಂಡರು. ಆ ಸಾವೂ ಬಾಣಂತಿಯರ ಸಾವಿನ ಹಾಗೇ ಇತ್ತು. ಆಗ ಹೊಳೆಯಿತು. ವಿದ್ಯಾರ್ಥಿಗಳು ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಆ ಕೆಲಸ ಇರಲಿಲ್ಲ. 1847ರಲ್ಲಿ ಅವರು ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂದರು. ಸಾವು ಸರ್ರನೆ ಇಳಿಯಿತು. ಆದರೂ ಎಷ್ಟೋ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ತಮ್ಮ ಕೈಯೇ ಕಾರಣ ಅನ್ನುವುದನ್ನು ನುಂಗಿಕೊಳ್ಳಲು ಅವರಿಗೆ ಆಗಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ಒಂದು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು, ಗಾಯಕ್ಕೆ ನಂಜಾಗಿ. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಹೇಳುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಸೋಪು ಯಾವಾಗ, ಸ್ಯಾನಿಟೈಸರ್ ಯಾವಾಗ?

ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ, ರಕ್ತ, ಕೀವು ಇದ್ದರೆ ಸೋಪು ಮತ್ತು ನಲ್ಲಿ ನೀರು. ಟಾಯ್ಲೆಟ್ಟಿಗೆ ಹೋಗಿ ಬಂದರೂ ಸೋಪೇ. ಭೇದಿ ಇರುವ ರೋಗಿಯನ್ನು ನೋಡಿಕೊಂಡರೂ ಸೋಪೇ, ಯಾಕೆಂದರೆ ಭೇದಿ ತರುವ ಕೆಲವು ರೋಗಾಣುಗಳು ಸ್ಯಾನಿಟೈಸರಿಗೆ ಬಗ್ಗುವುದಿಲ್ಲ. ಉಳಿದ ಸಮಯದಲ್ಲಿ ಸ್ಯಾನಿಟೈಸರ್ ಸಾಕು, ಎಷ್ಟೋ ಸಲ ಅದೇ ಒಳ್ಳೆಯದು. ಸ್ಯಾನಿಟೈಸರನ್ನು 20ರಿಂದ 30 ಸೆಕೆಂಡ್ ಉಜ್ಜಬೇಕು, ತಾನಾಗಿ ಒಣಗುವವರೆಗೆ. ಬಟ್ಟೆಗೆ ಒರೆಸಿಕೊಂಡರೆ ಹಾಕಿದ್ದೇ ದಂಡ. ಸೋಪಿನಲ್ಲಾದರೆ ಒಟ್ಟು 40ರಿಂದ 60 ಸೆಕೆಂಡ್. ಜನ ಮರೆಯುವ ಜಾಗ ಮೂರು: ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ.

"ಪೂರ್ತಿ ಸ್ಪಿರಿಟ್ ಇದ್ದರೆ ಇನ್ನೂ ಸ್ಟ್ರಾಂಗ್ ಅಲ್ವಾ?" ಅಂತ ಒಬ್ಬ ಹುಡುಗ ಕೇಳಿದ್ದ. ಇಲ್ಲ. ರೋಗಾಣುವಿನ ಪ್ರೋಟೀನ್ ಕೆಡಿಸಲು ಸ್ವಲ್ಪ ನೀರೂ ಬೇಕು. ಅದಕ್ಕೇ 70 ಪರ್ಸೆಂಟ್ ಆಸುಪಾಸಿನ ಸ್ಪಿರಿಟ್ ನೂರು ಪರ್ಸೆಂಟಿನದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ವಿದ್ಯಾರ್ಥಿಗಳಿಗೆ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5 ಹೊತ್ತುಗಳನ್ನು ಬಾಯಿಪಾಠ ಮಾಡಬೇಡಿ, ಮಂಚದ ಪಕ್ಕ ನಿಂತು ಮಾಡಿ ನೋಡಿ. ರೋಗಿಯನ್ನು ಮುಟ್ಟುವ ಮುಂಚೆ. ಸೂಜಿ, ಡ್ರೆಸಿಂಗ್ ತರಹದ ಕೆಲಸಕ್ಕೆ ಮುಂಚೆ. ರಕ್ತ, ಮೂತ್ರ ತಗಲಿರಬಹುದಾದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಕೊನೆಯದು ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯದನ್ನೇ. "ನಾನು ಪೇಷೆಂಟನ್ನು ಮುಟ್ಟಲೇ ಇಲ್ಲ ಮೇಡಂ, ಡ್ರಿಪ್ಸ್ ಪಂಪಿನ ಬಟನ್ ಅಷ್ಟೇ ಒತ್ತಿದ್ದು" ಅನ್ನುತ್ತಾರೆ. ಆ ಬಟನ್ನನ್ನು ನಿಮಗಿಂತ ಮುಂಚೆ ಎಷ್ಟು ಕೈ ಒತ್ತಿವೆ?

ಗ್ಲೌಸ್ ಹಾಕಿದ ಮೇಲೆ ಕೈ ತೊಳೆಯುವುದು ಯಾಕೆ?

ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು. ಬಿಚ್ಚುವಾಗ ಹೊರಗಿನ ಕೊಳೆ ಕೈಗೆ ತಗಲುತ್ತದೆ. ಹಾಕುವ ಮುಂಚೆಯೂ, ಬಿಚ್ಚಿದ ಮೇಲೂ ಕೈ ಶುದ್ಧ ಮಾಡಿಕೊಳ್ಳಬೇಕು. ಒಂದೇ ಗ್ಲೌಸಿನಲ್ಲಿ ಎರಡು ರೋಗಿಗಳನ್ನು ಮುಟ್ಟುವ ಹಾಗಿಲ್ಲ. ಗ್ಲೌಸ್ ಹಾಕಿಕೊಂಡು ಫೋನ್ ಎತ್ತುವುದನ್ನು ಕಂಡರೆ ನನಗೆ ತುಂಬಾ ಸಂಕಟ ಆಗುತ್ತದೆ. ಅದೇ ಫೋನ್ ಸಂಜೆ ಮನೆಯಲ್ಲಿ ಮಗುವಿನ ಕೈಗೆ ಹೋಗುತ್ತದೆ.

ಕ್ಲೀನ್ ಅಂದರೂ ಸ್ಟೆರೈಲ್ ಅಂದರೂ ಒಂದೇ ಅಲ್ವಾ?

ಅಲ್ಲ. ತೊಳೆದಿಟ್ಟ ಸ್ಟೀಲ್ ತಟ್ಟೆ ಕ್ಲೀನ್. ಅದರ ಮೇಲೆ ರೋಗಾಣು ಇದ್ದೇ ಇರುತ್ತದೆ, ಊಟಕ್ಕೆ ಅದರಿಂದ ತೊಂದರೆ ಇಲ್ಲ. ಸ್ಟೆರೈಲ್ ಅಂದರೆ ಜೀವ ಇರುವ ರೋಗಾಣು ಒಂದೂ ಇಲ್ಲ. ಹೊಟ್ಟೆಯೊಳಗೆ, ರಕ್ತದೊಳಗೆ ಹೋಗುವ ವಸ್ತು ಸ್ಟೆರೈಲ್ ಆಗಿರಲೇಬೇಕು.

ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಲು ನನಗೆ ಮಡಿಯ ಮಾತು ಸಹಾಯಕ್ಕೆ ಬರುತ್ತದೆ. ನನ್ನ ಅಜ್ಜಿ ಮಡಿ ಸೀರೆ ಉಟ್ಟು ಅಡುಗೆಮನೆಯಲ್ಲಿದ್ದರೆ ಬಾಗಿಲ ಚಿಲಕವನ್ನೂ ಮುಟ್ಟುತ್ತಿರಲಿಲ್ಲ. ಯಾರದಾದರೂ ಸೆರಗು ತಗಲಿತೋ ಇಲ್ಲವೋ ಎಂದು ಅನುಮಾನ ಬಂದರೆ ಮತ್ತೆ ಸ್ನಾನ. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಸ್ಕ್ರಬ್ ಆದ (ಕೈ ಉಜ್ಜಿ ತೊಳೆದು ಸ್ಟೆರೈಲ್ ಗೌನು, ಗ್ಲೌಸು ಹಾಕಿಕೊಂಡ) ನರ್ಸ್ ನಿಲ್ಲಬೇಕಾದದ್ದೂ ಹಾಗೇ. ಕೈ ಸೊಂಟದಿಂದ ಮೇಲೆ, ಎದೆಯ ಮುಂದೆ, ಕಣ್ಣಿಗೆ ಕಾಣುವ ಹಾಗೆ. ಸ್ಟೆರೈಲ್ ಬಟ್ಟೆ ಹಾಸಿದ ಟ್ರಾಲಿಗೆ ಬೆನ್ನು ತಿರುಗಿಸಬಾರದು. ಅದರ ಅಂಚಿನ ಸುಮಾರು ಎರಡೂವರೆ ಸೆಂಟಿಮೀಟರ್ ಜಾಗವನ್ನು ಸ್ಟೆರೈಲ್ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಟ್ಟೆ ಒದ್ದೆಯಾಗಿ ಕೆಳಗಿನ ತೇವ ಮೇಲೆ ಬಂದರೆ ಮುಗಿಯಿತು, ಬದಲಾಯಿಸಬೇಕು. ಸ್ಕ್ರಬ್ ಆಗದವರು ಟ್ರಾಲಿಯ ಮೇಲಿಂದ ಕೈ ಚಾಚಬಾರದು. ಅನುಮಾನ ಬಂತು ಅಂದರೆ ಅದು ಸ್ಟೆರೈಲ್ ಅಲ್ಲ. ಯಾರೂ ನೋಡಲಿಲ್ಲ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಗ್ಲೌಸ್ ತಗಲಿದ್ದು ನಿಮಗೊಬ್ಬರಿಗೇ ಗೊತ್ತಿದ್ದರೂ ಬಾಯಿಬಿಟ್ಟು ಹೇಳಿ, ಬದಲಾಯಿಸಿಕೊಳ್ಳಿ.

ಒಂದು ವ್ಯತ್ಯಾಸವನ್ನು ಮಾತ್ರ ಒತ್ತಿ ಹೇಳುತ್ತೇನೆ. ಮನೆಯ ಮಡಿಯಲ್ಲಿ ಮನುಷ್ಯರನ್ನೇ ದೂರ ಇಟ್ಟ ನೋವು ನಮ್ಮ ಸಮಾಜದಲ್ಲಿ ಇದೆ. ಓಟಿಯ ಮಡಿಗೆ ಜಾತಿ ಇಲ್ಲ, ದೊಡ್ಡವರು ಚಿಕ್ಕವರು ಇಲ್ಲ. ಸ್ಕ್ರಬ್ ಆಗದ ಮುಖ್ಯ ಸರ್ಜನ್ ಟ್ರಾಲಿ ಮುಟ್ಟಿದರೂ ಟ್ರಾಲಿ ಕೆಟ್ಟ ಹಾಗೇ. ಅದನ್ನು ಹೇಳುವ ಹಕ್ಕು ಮೊದಲ ವರ್ಷದ ವಿದ್ಯಾರ್ಥಿನಿಗೂ ಇದೆ.

ಸಾಮಾನುಗಳನ್ನು ಬಿಸಿನೀರಲ್ಲಿ ಕುದಿಸಿದರೆ ಸಾಲದಾ?

ಸಾಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರು ಡಿಗ್ರಿಗೆ ಹೋಗುವುದೇ ಇಲ್ಲ, 97ರ ಹತ್ತಿರ ಕುದಿಯುತ್ತದೆ. ನೂರೇ ಮುಟ್ಟಿದರೂ ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ಬೀಜದಂಥ ರೂಪ ಇದೆಯಲ್ಲ, ಸ್ಪೋರ್ ಅನ್ನುತ್ತಾರೆ, ಅದು ಸಾಯುವುದಿಲ್ಲ. ಟೆಟನಸ್ ತರುವುದು ಅಂಥದ್ದೇ ಒಂದು. ಅದಕ್ಕೆ ಆಟೋಕ್ಲೇವ್ ಬೇಕು. ಪ್ರೆಷರ್ ಕುಕ್ಕರಿನ ದೊಡ್ಡಣ್ಣ ಅಂದುಕೊಳ್ಳಿ. ಒತ್ತಡದಲ್ಲಿ ಹಬೆ 121 ಡಿಗ್ರಿಗೆ ಏರುತ್ತದೆ. ಆ ಶಾಖದಲ್ಲಿ ಕನಿಷ್ಠ 15 ನಿಮಿಷ ಇಡಬೇಕು. 134 ಡಿಗ್ರಿಯಾದರೆ ಮೂರು ನಾಲ್ಕು ನಿಮಿಷ.

ಪ್ಯಾಕೆಟ್ಟಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಸ್ಟೆರೈಲ್ ಆಯಿತು ಅಂತ ತುಂಬಾ ಜನ ನಂಬುತ್ತಾರೆ. ಆ ಟೇಪು ಹೇಳುವುದು ಇಷ್ಟೇ: ಈ ಪ್ಯಾಕೆಟ್ ಮಿಷಿನ್ ಒಳಗೆ ಹೋಗಿ ಬಂದಿದೆ. ಒಳಗಿನ ಕತ್ತರಿಗೆ ಹಬೆ ಮುಟ್ಟಿತಾ ಅನ್ನುವುದಕ್ಕೆ ಪ್ಯಾಕೆಟ್ ಒಳಗೆ ಬೇರೆ ಪಟ್ಟಿ ಇಡುತ್ತೇವೆ. ಮಿಷಿನ್ನೇ ಸರಿಯಾಗಿದೆಯಾ ಅನ್ನುವುದಕ್ಕೆ ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನೇ ಒಳಗಿಟ್ಟು, ಅವು ಸತ್ತವಾ ಎಂದು ನೋಡುತ್ತೇವೆ. ಇನ್ನೊಂದು ವಿಷಯ. ರಕ್ತ ಅಂಟಿದ ಕತ್ತರಿಯನ್ನು ಹಾಗೇ ಆಟೋಕ್ಲೇವ್ ಮಾಡಿದರೆ ಪ್ರಯೋಜನ ಇಲ್ಲ. ಒಣಗಿದ ರಕ್ತದ ಕೆಳಗೆ ರೋಗಾಣು ಬದುಕಿರುತ್ತದೆ. ಮೊದಲು ಬ್ರಷ್ ಹಾಕಿ ತೊಳೆಯಬೇಕು. ತೊಳೆಯುವ ಆ ಅಕ್ಕಂದಿರ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಕೈಗೆ ಹಾಕಿದ ಡ್ರಿಪ್ಸ್ ಸೂಜಿಯನ್ನು ನಾವು ಹೇಗೆ ನೋಡಿಕೊಳ್ಳಬೇಕು?

ದಿನಕ್ಕೆ ಎರಡು ಮೂರು ಸಲ ಆ ಜಾಗ ನೋಡಿ. ಕೆಂಪಾಗಿದೆಯಾ, ಊದಿದೆಯಾ, ನರ ಹಗ್ಗದಂತೆ ಗಟ್ಟಿಯಾಗಿದೆಯಾ, ನೋವಿದೆಯಾ? ಒಂದು ಕಂಡರೂ ಸಿಸ್ಟರಿಗೆ ಹೇಳಿ. ಪ್ಲಾಸ್ಟರ್ ಒದ್ದೆಯಾದರೆ, ಬಿಟ್ಟುಕೊಂಡರೆ ನೀವೇ ಅಂಟಿಸಬೇಡಿ, ಬದಲಾಯಿಸಲು ಹೇಳಿ. ಸಿಸ್ಟರು ಅದರೊಳಗೆ ಇಂಜೆಕ್ಷನ್ ಕೊಡುವ ಮುಂಚೆ ಡ್ರಿಪ್ಸ್ ಪೈಪಿನ ಮೂತಿಯನ್ನು ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಉಜ್ಜಿ ಒಣಗಲು ಬಿಡಬೇಕು. ಡ್ರಿಪ್ಸ್ ನಿಂತು ಮಾತ್ರೆ ಶುರುವಾಗಿದ್ದರೆ "ಇದು ಇನ್ನೂ ಬೇಕಾ?" ಎಂದು ಕೇಳಿ. ಇರಲಿ ಬಿಡಿ ಅಂತ ಸುಮ್ನೆ ಬಿಟ್ಟ ಸೂಜಿಯಿಂದ ಆದ ನಂಜನ್ನು ನಾನು ನೋಡಿದ್ದೇನೆ.

ಮೂತ್ರದ ಪೈಪ್ ಹಾಕಿದ್ದಾರೆ. ಬ್ಯಾಗನ್ನು ಎಲ್ಲಿ ಇಡಬೇಕು?

ಹೊಟ್ಟೆಗಿಂತ ಕೆಳಗೆ, ನೆಲಕ್ಕೆ ತಗಲದ ಹಾಗೆ. ಮಂಚದ ಕಂಬಿಗೆ ನೇತುಹಾಕಿ. ಪೈಪ್ ಮಡಚಿಕೊಳ್ಳಬಾರದು, ತೊಡೆಯ ಕೆಳಗೆ ಸಿಕ್ಕಿಕೊಳ್ಳಬಾರದು. ಖಾಲಿ ಮಾಡುವಾಗ ಬ್ಯಾಗಿನ ಮೂತಿ ಪಾತ್ರೆಗೆ ತಾಗಬಾರದು. ಒಬ್ಬೊಬ್ಬ ರೋಗಿಗೂ ಪಾತ್ರೆ ಬೇರೆ ಇರಬೇಕು. ಪೈಪನ್ನೂ ಬ್ಯಾಗನ್ನೂ ಬಿಚ್ಚಿ ಬೇರೆ ಮಾಡಬೇಡಿ.

ನನ್ನ ಅಪ್ಪನಿಗೆ ಸೊಂಟದ ಮೂಳೆ ಮುರಿದಾಗ ಬೇರೊಂದು ಆಸ್ಪತ್ರೆಯಲ್ಲಿದ್ದರು. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಸ್ಟ್ರೆಚರ್ ತಳ್ಳುವವರು ಬ್ಯಾಗನ್ನು ಅಪ್ಪನ ಹೊಟ್ಟೆಯ ಮೇಲೇ ಇಟ್ಟರು. ಹೋಗಿ ಬರಲು ಮುಕ್ಕಾಲು ಗಂಟೆ. ಬ್ಯಾಗಿನ ಮೂತ್ರ ಹಿಂದಕ್ಕೆ ಹರಿಯಲು ಅಷ್ಟು ಸಾಕು. ನಾನು ಡ್ಯೂಟಿ ಮುಗಿಸಿ ಹೋಗುವಷ್ಟರಲ್ಲಿ ಆಗಿಹೋಗಿತ್ತು. ಎರಡು ದಿನದ ಮೇಲೆ ಚಳಿಜ್ವರ ಬಂತು, ಅಪ್ಪ ಮಾತು ತಪ್ಪಿ ಏನೇನೋ ಅನ್ನತೊಡಗಿದರು. ಅದೊಂದೇ ಕಾರಣ ಅಂತ ನಾನು ಹೇಳಲಾರೆ. ಪೈಪ್ ಇದ್ದಷ್ಟೂ ದಿನ ಅಪಾಯ ಏರುತ್ತಲೇ ಹೋಗುತ್ತದೆ. ಅಪ್ಪ ಉಳಿದುಕೊಂಡರು, ಆದರೆ ಮನೆಗೆ ಬರುವುದು ಹತ್ತು ದಿನ ತಡವಾಯಿತು. ಅವತ್ತಿನಿಂದ ನಮ್ಮಲ್ಲಿ ಸ್ಟ್ರೆಚರ್ ತಳ್ಳುವ ಅಣ್ಣಂದಿರಿಗೂ ತರಬೇತಿ ಕೊಡುತ್ತೇನೆ. ಬ್ಯಾಗಿಗೆ ಸ್ಟ್ರೆಚರಿನ ಕೆಳಗೆ ಕೊಕ್ಕೆ ಹಾಕಿಸಿದ್ದೇವೆ. ನೀವೂ ದಿನಾ ರೌಂಡ್ಸಿನಲ್ಲಿ ಕೇಳಿ: ಪೈಪ್ ಇವತ್ತು ತೆಗೆಯಬಹುದಾ?

ಆಪರೇಷನ್‌ಗೆ ಮುಂಚೆ ಮನೆಯಲ್ಲೇ ಶೇವ್ ಮಾಡಿಕೊಂಡು ಬರಬೇಕಾ?

ಬೇಡ. ಬ್ಲೇಡು ಚರ್ಮದ ಮೇಲೆ ಸಣ್ಣ ಸಣ್ಣ ಗೀರು ಮಾಡುತ್ತದೆ, ರೋಗಾಣು ಅಲ್ಲಿ ಕೂತು ಬೆಳೆಯುತ್ತದೆ. ಕೂದಲು ತೆಗೆಯಲೇಬೇಕಿದ್ದರೆ ನಾವು ಮಿಷಿನ್ನಿನಲ್ಲಿ ಕತ್ತರಿಸುತ್ತೇವೆ. ಮನೆಯಿಂದ ಸೋಪು ಹಾಕಿ ಸ್ನಾನ ಮಾಡಿ ಬನ್ನಿ. ಉಗುರು ಕತ್ತರಿಸಿ. ಸಕ್ಕರೆ ಕಾಯಿಲೆ ಇದ್ದರೆ ಹಿಡಿತಕ್ಕೆ ತನ್ನಿ. ಬೀಡಿ, ಸಿಗರೇಟು ಸೇದುವವರು ಕೆಲವು ವಾರ ಮುಂಚೆಯೇ ಬಿಟ್ಟರೆ ಗಾಯ ಬೇಗ ಕೂಡುತ್ತದೆ.

ನೋಡಲು ಬರುವ ನೆಂಟರಿಗೆ ಏನು ಹೇಳಬೇಕು?

ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದರೆ ಬರಬೇಡಿ, ಫೋನ್ ಮಾಡಿ ಅನ್ನಿ. ಹಾಗೆ ಹೇಳಿದರೆ ಬೇಜಾರಾಗುತ್ತಾರೆ ಅಂತ ಹೆದರಬೇಡಿ. ನಮ್ಮಲ್ಲಿ ಆಸ್ಪತ್ರೆಗೆ ಹೋಗಿ ಮುಖ ತೋರಿಸದಿದ್ದರೆ ತಪ್ಪು ಅಂದುಕೊಳ್ಳುತ್ತಾರೆ. ಆ ಪ್ರೀತಿ ನನಗೆ ಅರ್ಥ ಆಗುತ್ತದೆ. ಆದರೆ ಹದಿನೈದು ಜನ ಒಬ್ಬರ ಹಿಂದೊಬ್ಬರು ಬಂದು, ಮಂಚದ ಮೇಲೆ ಕೂತು, ಕೈ ಹಿಡಿದು ಹೋದರೆ ರೋಗಿಗೆ ಸುಸ್ತು, ಪಕ್ಕದ ಮಂಚದವರಿಗೂ ಅಪಾಯ. ಕೆ.ಆರ್. ಮಾರ್ಕೆಟ್ಟಿನಿಂದ ತಂದ ತಾಜಾ ಹೂವು ಐಸಿಯುಗೆ, ಕ್ಯಾನ್ಸರ್ ವಾರ್ಡಿಗೆ ಬೇಡ. ಹೂವಿನಲ್ಲಿ, ಹೂವಿಟ್ಟ ನೀರಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಇರುತ್ತವೆ. ಹಸುಗೂಸಿಗೆ ಮುತ್ತು ಕೊಡಲು ಯಾರನ್ನೂ ಬಿಡಬೇಡಿ, ಅಜ್ಜಿಯಾದರೂ ಸರಿ. ಕೈ ತೊಳೆದು ಎತ್ತಿಕೊಳ್ಳಲಿ.

ಗಾಯಕ್ಕೆ ಅರಿಶಿನ, ವಿಭೂತಿ ಹಚ್ಚಬಹುದಾ?

ಹೊಲಿಗೆ ಹಾಕಿದ ಗಾಯಕ್ಕೆ ಬೇಡವೇ ಬೇಡ. ಅಡುಗೆಮನೆಯ ಅರಿಶಿನದ ಪುಡಿ ಸ್ಟೆರೈಲ್ ಅಲ್ಲ. ಕಾಫಿಪುಡಿಯೂ ಅಷ್ಟೇ. ವಿಭೂತಿಯನ್ನು ಹಣೆಗೆ ಇಡಿ. ಮಗುವಿನ ಹೊಕ್ಕುಳಿಗೂ ಏನೂ ಹಚ್ಚದೆ ಒಣಗಿಸಿಡುವುದೇ ಒಳ್ಳೆಯದು, ಡಾಕ್ಟರೇ ಏನಾದರೂ ಬರೆದುಕೊಟ್ಟಿದ್ದರೆ ಮಾತ್ರ ಹಚ್ಚಿ. ಮನೆಗೆ ಹೋದ ಮೇಲೆ ಗಾಯದ ಸುತ್ತ ಕೆಂಪು ಹರಡಿದರೆ, ಬಿಸಿಯಾದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ನೋವು ಕಮ್ಮಿಯಾಗುವ ಬದಲು ಜಾಸ್ತಿಯಾದರೆ, ಜ್ವರ ಬಂದರೆ ಅವತ್ತೇ ವಾಪಸ್ ಬನ್ನಿ. ಮುಂದಿನ ತಾರೀಖಿಗೆ ಕಾಯಬೇಡಿ.

ಬೇರೆ ರೂಮಿಗೆ ಹಾಕಿದ್ದಾರೆ. ಎಲ್ಲರೂ ಮಾಸ್ಕ್ ಹಾಕಿಕೊಂಡು ಬರುತ್ತಾರೆ. ಇದು ಅವಮಾನ ಅಲ್ವಾ?

ನಿಮ್ಮ ನೋವು ಸುಳ್ಳಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆಮಠ ಬಿಟ್ಟು ಊರ ಹೊರಗೆ ಶೆಡ್ಡುಗಳಲ್ಲಿ ಇದ್ದರು. ಅಗಲ ರಸ್ತೆ, ಗಾಳಿ ಬೆಳಕು ಇರುವ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದ ಕಾಲದಲ್ಲಿ. ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ. ದೂರ ಇಡುವುದು ಅಂದರೆ ಕೈಬಿಡುವುದು ಎಂಬ ಹೆದರಿಕೆ ನಮ್ಮಲ್ಲಿ ಹಳೆಯದು.

ನಾವು ದೂರ ಇಡುವುದು ರೋಗಾಣುವನ್ನು. ಅದು ಹೋಗುವ ದಾರಿ ನೋಡಿ ತಡೆ ಹಾಕುತ್ತೇವೆ. ಟಿಬಿ, ದಡಾರ, ಚಿಕನ್‌ಪಾಕ್ಸ್ (ಇದನ್ನು ಕೆಲವರು ಸಿಡುಬು ಅನ್ನುತ್ತಾರೆ), ಇವು ಗಾಳಿಯಲ್ಲಿ ತೇಲುತ್ತವೆ. ಅದಕ್ಕೆ ಬೇರೆ ರೂಮು, ಕಿಟಕಿ ಗಾಳಿ, ಒಳಗೆ ಬರುವವರಿಗೆ ಎನ್95. ಫ್ಲೂ ಥರದ್ದಕ್ಕೆ ಸಾಮಾನ್ಯವಾಗಿ ಸರ್ಜಿಕಲ್ ಮಾಸ್ಕ್ ಸಾಕು. ಔಷಧಕ್ಕೆ ಬಗ್ಗದ ಕೆಲವು ಬ್ಯಾಕ್ಟೀರಿಯಾ ಮುಟ್ಟಿದರೆ ಹರಡುತ್ತವೆ, ಅದಕ್ಕೆ ಗೌನು, ಗ್ಲೌಸು. ನಮ್ಮವರು ಬಾಗಿಲಲ್ಲೇ ನಿಂತು ಮಾತಾಡಿ ಹೋದರೆ ನನಗೆ ಹೇಳಿ. ಮಾಸ್ಕ್ ಹಾಕಿಕೊಂಡು ಹತ್ತಿರ ಬಂದು, ಕೂತು ಮಾತಾಡುವುದು ನಮ್ಮ ಕೆಲಸ.

ಫಿನೈಲ್ ವಾಸನೆ ಬಂದರೆ ವಾರ್ಡ್ ಕ್ಲೀನ್ ಅಂತ ಅರ್ಥವಾ?

ವಾಸನೆಗೂ ಶುದ್ಧಿಗೂ ಸಂಬಂಧ ಇಲ್ಲ. ಬಕೆಟ್ಟಿನ ನೀರಿನ ಬಣ್ಣ ನೋಡಿ. ಟಾಯ್ಲೆಟ್ಟಿನ ಮಾಪು ವಾರ್ಡಿಗೆ ಬರಬಾರದು. ರಕ್ತ ಚೆಲ್ಲಿದರೆ ನೀವು ಒರೆಸಬೇಡಿ, ನಮ್ಮನ್ನು ಕರೆಯಿರಿ. ಅದರ ಮೇಲೆ ಹೀರುವ ಬಟ್ಟೆ ಹಾಕಿ, 1 ಪರ್ಸೆಂಟ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ನೀರು) ಸುರಿದು, 10 ನಿಮಿಷ ಬಿಟ್ಟು ತೆಗೆಯುತ್ತೇವೆ. ಹೈಪೋ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ಮನೆಯಲ್ಲೂ ಅಷ್ಟೇ.

ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿ ಯಾಕೆ? ಬಾಳೆಹಣ್ಣಿನ ಸಿಪ್ಪೆ ಯಾವುದಕ್ಕೆ?

ಸಿಪ್ಪೆ ಈ ನಾಲ್ಕಕ್ಕೂ ಅಲ್ಲ, ಹಸಿ ಕಸದ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತದ ಹತ್ತಿ, ಬ್ಯಾಂಡೇಜು ಹಳದಿಗೆ. ಡ್ರಿಪ್ಸ್ ಪೈಪು, ಗ್ಲೌಸು, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಬೆರೆಸಿದರೆ ಏನಾಗುತ್ತದೆ ಗೊತ್ತಾ? ಕಸ ಎತ್ತುವ ಅಕ್ಕನ ಬೆರಳಿಗೆ ಸೂಜಿ ಚುಚ್ಚುತ್ತದೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಬೇರೆಯಾಗಿ ಕೊಡಿ. "ಇದರಲ್ಲಿ ಸೂಜಿ ಇದೆಯಮ್ಮ" ಎಂದು ಪೌರಕಾರ್ಮಿಕರಿಗೆ ಬಾಯಲ್ಲೇ ಹೇಳಿ.

ವಿದ್ಯಾರ್ಥಿಗಳು ಕೇಳುವುದು: ಬಳಸಿದ ಸೂಜಿ ನನಗೇ ಚುಚ್ಚಿದರೆ?

ಹಿಂಡಬೇಡ, ಬಾಯಿಗೆ ಇಡಬೇಡ. ಸೋಪು ಹಾಕಿ ನಲ್ಲಿ ಕೆಳಗೆ ತೊಳಿ. ತಕ್ಷಣ ಇನ್‌ಚಾರ್ಜ್ ಸಿಸ್ಟರಿಗೆ ಹೇಳು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ಎರಡು ಗಂಟೆಯೊಳಗೆ ಶುರುವಾದರೆ ತುಂಬಾ ಒಳ್ಳೆಯದು. 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರದಲ್ಲಿ ಸುಮಾರು 3 ಸಲ. ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ಅಪಾಯ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ವಾರ್ಡಿಗೆ ಬರುವ ಮುಂಚೆ ಮೂರು ಡೋಸ್ ಲಸಿಕೆ ಮುಗಿದಿರಲಿ.

ನಾನು ಎರಡನೇ ವರ್ಷದಲ್ಲಿದ್ದಾಗ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಚುಚ್ಚಿಕೊಂಡೆ. ಬೈಯುತ್ತಾರೆ ಎಂದು ಯಾರಿಗೂ ಹೇಳಲಿಲ್ಲ. ಆರು ತಿಂಗಳು ರಾತ್ರಿ ನಿದ್ದೆ ಮಾಡಲಿಲ್ಲ. ಕೊನೆಗೆ ಟೆಸ್ಟ್ ಮಾಡಿಸಿದಾಗ ಏನೂ ಇರಲಿಲ್ಲ. ಆದರೆ ಆ ಭಯ ಇನ್ನೊಬ್ಬ ಹುಡುಗಿಗೆ ಬರಬಾರದು. ನಮ್ಮಲ್ಲಿ ಸೂಜಿ ಚುಚ್ಚಿತು ಎಂದು ಬಂದವರಿಗೆ ನಾನು ಮೊದಲು ಒಂದು ಲೋಟ ನೀರು ಕೊಡುತ್ತೇನೆ. ಫಾರ್ಮು ಆಮೇಲೆ.

ಏನಾದರೂ ತಪ್ಪು ಕಂಡರೆ ಯಾರಿಗೆ ಹೇಳಬೇಕು?

ಮೊದಲು ಆ ಪಾಳಿಯ ಸಿಸ್ಟರಿಗೆ. ಅವರು ಬಿಡುವಿಲ್ಲದೆ ಓಡಾಡುತ್ತಿದ್ದರೆ ಇನ್‌ಚಾರ್ಜ್ ಸಿಸ್ಟರಿಗೆ. ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ತಡೆಯುವ ಸಮಿತಿ ಮತ್ತು ನನ್ನಂಥ ನರ್ಸ್ ಇರುತ್ತಾರೆ, "ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರನ್ನು ಕರೆಯಿರಿ" ಅಂದರೆ ಸಾಕು. ಮಂಚದ ನಂಬರು, ದಿನ, ಹೊತ್ತು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾರು ಮಾಡಿದರು ಅನ್ನುವುದಕ್ಕಿಂತ ಏನಾಯಿತು, ಯಾವಾಗ ಆಯಿತು ಅನ್ನುವುದು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕನ್ನಡ ಬರದ ಸಿಸ್ಟರ್ ಆಗಿದ್ದರೆ ಬಾಟಲಿ ತೋರಿಸಿ, ಕೈ ತೋರಿಸಿ. ಅಷ್ಟು ಅವರಿಗೆ ಅರ್ಥ ಆಗುತ್ತದೆ.